ಜುಲೈಗೆ ಯಾವ ಊರು?

ಆರು ರಂಧ್ರಗಳ ಪುಟ್ಟ ಕೊಳಲಾದ ಟಿನ್ ವಿಸಲ್ ನುಡಿಸುವ ನನ್ನಂಥ ಮಧ್ಯಮ ದರ್ಜೆಯವರಿಗೆ ಐರ್ಲೆಂಡಿನ ಬೇಸಿಗೆ ಸಂಗೀತ ಶಾಲೆಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಹೊಸಬರಿಗಿಂತಲೂ ಕಷ್ಟ. ಆರಂಭಿಕರ ತರಗತಿಯಲ್ಲಿ ಬೇಸರವಾಗುತ್ತದೆ, ನುರಿತವರ ತರಗತಿಯಲ್ಲಿ ಬೆರಳು ಹಿಂದೆ ಬೀಳುತ್ತದೆ.

ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್ಬೇಯಲ್ಲಿ 1973ರಲ್ಲಿ ಆರಂಭವಾದ ವಿಲಿ ಕ್ಲಾನ್ಸಿ ಶಾಲೆಯದು ದೊಡ್ಡ ಹೆಸರು: ಬೆಳಿಗ್ಗೆ ಪಾಠ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಪಬ್ಬುಗಳಲ್ಲಿ ಗೋಷ್ಠಿ. ಆದರೆ ಶಾಲೆ ನಡೆಯುವ ಜುಲೈ ವಾರದಲ್ಲಿ ಆ ಸಣ್ಣ ಊರಿನಲ್ಲಿ ಕೋಣೆ ಸಿಕ್ಕರೆ ಪುಣ್ಯ. ಹೆಸರಾಂತರು ಕುಳಿತ ಗೋಷ್ಠಿಯಲ್ಲಿ ನಮಗೆ ಕೇಳುವ ಭಾಗ್ಯವೇ ಹೊರತು ನುಡಿಸುವ ಧೈರ್ಯ ಬಾರದು. ಜುಲೈನಲ್ಲೇ ಲೀಟ್ರಿಮ್‌ನ ಡ್ರಮ್‌ಶಾನ್‌ಬೋದಲ್ಲಿ ಜೋ ಮೂನಿ ಶಾಲೆಯೂ ಸ್ಲೈಗೋದ ಟಬರ್‌ಕರಿಯಲ್ಲಿ ಮತ್ತೊಂದೂ ನಡೆಯುತ್ತವೆ.

ಪಾಠವೆಲ್ಲ ಹೆಚ್ಚಾಗಿ ಕಿವಿಯಿಂದಲೇ. ಗುರುಗಳು ಎಂಟು ಬಾರ್‌ಗಳ (ತಾಳದ ಆವರ್ತಗಳ) ಭಾಗವನ್ನು ತುಂಡುತುಂಡಾಗಿ ನುಡಿಸುತ್ತಾರೆ, ನಾವು ಮರುನುಡಿಸುತ್ತೇವೆ. ನಮ್ಮ ಸಂಗೀತ ಪಾಠ ಕಂಡವರಿಗೆ ಇದೇನೂ ಹೊಸತಲ್ಲ. ಈ ಹಂತದಲ್ಲಿ ನನಗೆ ಬೇಕಿರುವುದು ಕುಣಿತದ ಚುರುಕು ಧುನ್‌ಗಳಾದ ಇನ್ನಷ್ಟು ರೀಲ್‌ಗಳಲ್ಲ, ಮೇಲಿನ ಒಂದು ಬೆರಳನ್ನು ಚಕ್ಕನೆ ಎತ್ತಿ ಸ್ವರವನ್ನು ಕತ್ತರಿಸಿ, ಕೆಳಗಿನ ಬೆರಳಿನಿಂದ ತಟ್ಟಿ, ಲಯ ತಪ್ಪದಂತೆ ಉರುಳಿಸುವ ‘ರೋಲ್’ ಒಂದನ್ನೇ ಕೂತು ತಿದ್ದುವ ಗುರು. ವಾರಕ್ಕೆ ಹತ್ತಾರು ಧುನ್ ಕಲಿಸುತ್ತೇವೆಂಬ ಉತ್ಸಾಹ ನನಗೆ ಅಷ್ಟಾಗಿ ರುಚಿಸದು.

ಸ್ಲೈಗೋದ ಚುರುಕು, ಅಲಂಕಾರಭರಿತ ಶೈಲಿ ನನಗೆ ಮೊದಲಿನಿಂದಲೂ ಇಷ್ಟ; ಹಾಗಾಗಿ ಮನಸ್ಸು ಟಬರ್‌ಕರಿಯತ್ತ ವಾಲಿದೆ. ಶುಲ್ಕ ಕಟ್ಟುವ ಮೊದಲು ಮಧ್ಯಮ ತರಗತಿಯಲ್ಲಿ ಎಷ್ಟು ಜನರಿರುತ್ತಾರೆಂದು ಕೇಳಿಕೊಳ್ಳಬೇಕು.