ಬರೋಕೆ ಮುಂಚೆ ಅಲ್ಲಿಂದಲೇ ಮನೆ ಗೊತ್ತು ಮಾಡಬಹುದಾ?

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ನನಗೆ ಬಂದಷ್ಟು ಸಲ ಇನ್ಯಾರಿಗೂ ಬಂದಿರಲಾರದ ವಾಟ್ಸಾಪ್ ಮೆಸೇಜ್ ಒಂದಿದೆ: "ಅಣ್ಣಾ, ಮುಂದಿನ ತಿಂಗಳು ಅಲ್ಲಿಗೆ ಬರ್ತಿದೀನಿ. ಇಲ್ಲಿಂದಲೇ ಒಂದು ಮನೆ ಗೊತ್ತು ಮಾಡ್ಕೋಬಹುದಾ?" ಕೇಳುವವರು ಚಿಕ್ಕಮ್ಮನ ಮಗನ ಸ್ನೇಹಿತ, ಹಳೇ ಆಫೀಸಿನ ಹುಡುಗಿ, ಒಮ್ಮೆಯಂತೂ ಊರಲ್ಲಿ ನಮ್ಮಪ್ಪನಿಗೆ ಹಾಲು ಹಾಕುವವರ ಅಳಿಯ. ಇಲ್ಲಿ ಕಾರು ಮಾಡುವ ಕಂಪನಿಗಳಿವೆ, ಕಾರಿನ ಬಿಡಿಭಾಗ ಮಾಡುವ ಕಂಪನಿಗಳಿವೆ, ಅವುಗಳ ಆಫೀಸು ಬೆಂಗಳೂರಿನಲ್ಲೂ ಇವೆ. ಹಾಗಾಗಿ ಜನ ಬರುತ್ತಲೇ ಇರುತ್ತಾರೆ, ಮೆಸೇಜೂ ಬರುತ್ತಲೇ ಇರುತ್ತದೆ. ಪ್ರತಿ ಸಲ ಟೈಪ್ ಮಾಡಿ ಬೆರಳು ನೋಯುತ್ತಿದೆ, ಅದಕ್ಕೇ ಒಂದು ಸಲ ಇಲ್ಲಿ ಬರೆದಿಡುತ್ತಿದ್ದೇನೆ.

ಉತ್ತರ: ಆಗಲ್ಲ. ಎರಡು ಮೂರು ತಿಂಗಳಿಗೆ ಅಂತ ಸಾಮಾನು ಸಮೇತ ಸಿಗುವ ತಾತ್ಕಾಲಿಕ ಮನೆಯನ್ನು ಅಲ್ಲಿಂದಲೇ ಗೊತ್ತು ಮಾಡಬಹುದು, ಮಾಡಿಕೊಂಡೇ ಬನ್ನಿ. ವರ್ಷಗಟ್ಟಲೆ ಇರುವ ಮನೆ ಮಾತ್ರ, ನೀವು ಇಲ್ಲಿಗೆ ಬಂದು ಮೆಟ್ಟಿಲು ಹತ್ತಿ ಮುಖ ತೋರಿಸುವವರೆಗೆ ಸಿಗುವುದಿಲ್ಲ.

"ಯಾಕೆ, ಅಡ್ವಾನ್ಸ್ ಜಾಸ್ತಿ ಕೊಟ್ಟರೆ?" ಅಂತ ಮುಂದಿನ ಮೆಸೇಜ್ ಬರುತ್ತದೆ. ಬೆಂಗಳೂರಿನ ಲೆಕ್ಕ ಅದು. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಓನರ್ ಕೈಯಲ್ಲಿದ್ದರೆ ಅವರಿಗೆ ನೆಮ್ಮದಿ, ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಬೇಡ ಅನ್ನಿಸಿದರೆ ಬಿಡಿ ಅನ್ನಬಹುದು. ಜರ್ಮನಿಯಲ್ಲಿ ಎರಡೂ ನಡೆಯಲ್ಲ. ಇಲ್ಲಿ ಮನೆಯ ಓನರ್ ಕೇಳಬಹುದಾದ ಅಡ್ವಾನ್ಸ್, ಅಂದರೆ 'ಕೌತ್ಸಿಯೋನ್', ಹೆಚ್ಚೆಂದರೆ ಮೂರು ತಿಂಗಳ ಬರೀ ಬಾಡಿಗೆ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಅಗ್ರಿಮೆಂಟಿಗೆ ಸಾಮಾನ್ಯವಾಗಿ ಕೊನೆಯ ತಾರೀಖೇ ಇರುವುದಿಲ್ಲ. ನೀವು ಬಾಡಿಗೆ ಸರಿಯಾಗಿ ಕೊಡುತ್ತಿದ್ದರೆ, ಜಗಳಗಂಟಿ ಅಲ್ಲದಿದ್ದರೆ, ಸುಮ್ಮನೆ ಎಬ್ಬಿಸಲಾಗದು. ತಮಗೋ ಮಗಳಿಗೋ ಆ ಮನೆ ನಿಜವಾಗಿ ಬೇಕು ಎಂಬಂಥ ಕಾರಣವನ್ನು ಬರೆದು ಕೊಡಬೇಕು. ನೋಟಿಸ್ ಅವಧಿ ಮೂರು ತಿಂಗಳು, ನೀವು ಐದು ವರ್ಷ ಇದ್ದರೆ ಆರು ತಿಂಗಳು, ಎಂಟು ವರ್ಷ ಇದ್ದರೆ ಒಂಬತ್ತು.

ಇದನ್ನು ಮನೆಯವರ ಕಡೆಯಿಂದ ನೋಡಿ. ಒಮ್ಮೆ ಒಳಗೆ ಬಿಟ್ಟುಕೊಂಡವರನ್ನು ಹೊರಗೆ ಕಳಿಸುವುದು ಕಷ್ಟ. ಅವರ ಅಧಿಕಾರ ಏನಿದ್ದರೂ ಯಾರನ್ನು ಬಿಟ್ಟುಕೊಳ್ಳಬೇಕು ಅಂತ ಆರಿಸುವ ಆ ಒಂದು ವಾರದಲ್ಲಿ. ಅದಕ್ಕೇ ಅಷ್ಟು ಅಳೆದು ತೂಗುತ್ತಾರೆ. ನನಗೆ ಗೊತ್ತಿರುವ ಒಬ್ಬ ಹುಡುಗ ಒಂದು ವರ್ಷದ ಬಾಡಿಗೆ ಮೊದಲೇ ಕೊಡ್ತೀನಿ ಅಂತ ಮೇಲ್ ಹಾಕಿದ. ಉತ್ತರವೇ ಬರಲಿಲ್ಲ. ಇಷ್ಟು ದುಡ್ಡು ಮುಂಚೆಯೇ ಕೊಡ್ತೀನಿ ಅನ್ನೋನಿಗೆ ಏನು ಗ್ರಹಚಾರ ಇದೆಯೋ ಅಂತ ಅಂದುಕೊಂಡಿರಬೇಕು.

ದುಡ್ಡಿನ ಬದಲು ಅವರು ನೋಡುವುದು ಕಾಗದ. ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಕಾಂಟ್ರಾಕ್ಟ್, ಪಾಸ್‌ಪೋರ್ಟು, ವೀಸಾ, ನಿಮ್ಮ ಬಗ್ಗೆ ನೀವೇ ತುಂಬಿಕೊಡುವ ಒಂದು ಫಾರಂ, ಮತ್ತೆ 'ಶೂಫಾ'. ಶೂಫಾ ಅಂದರೆ ನಮ್ಮ ಸಿಬಿಲ್ ಇದ್ದ ಹಾಗೆ, ಸಾಲಸೋಲದ ಜಾತಕ. ಮನೆಯವರಿಗೆ ಕೊಡುವ ಪ್ರತಿಗೆ ಸುಮಾರು 30 ಯೂರೋ. ನಿನ್ನೆ ವಿಮಾನ ಇಳಿದವನ ಜಾತಕದಲ್ಲಿ ಏನಿರುತ್ತದೆ? ಸಾಲವೂ ಇಲ್ಲ, ಸೋಲವೂ ಇಲ್ಲ, ಹುಟ್ಟಿಯೇ ಇಲ್ಲ ಅನ್ನುವ ಹಾಗೆ ಖಾಲಿ. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್ ಇರುತ್ತದೆ, ಅದೂ ಅವರಿಗೆ ಗೊತ್ತು. ಮೇಲೆ ಇನ್ನೊಂದು ಕೇಳುತ್ತಾರೆ: ಹಿಂದಿನ ಮನೆಯವರಿಂದ 'ಬಾಡಿಗೆ ಬಾಕಿ ಇಲ್ಲ' ಅಂತ ಪತ್ರ.

ಈ ಪತ್ರದ ವಿಷಯದಲ್ಲಿ ಮಾತ್ರ ನನ್ನ ಅದೃಷ್ಟ ಚೆನ್ನಾಗಿತ್ತು. ವಿಜಯನಗರದಲ್ಲಿ ನಾನಿದ್ದ ಮನೆಯ ಓನರ್ ಅಂಕಲ್ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಫೋನ್ ಮಾಡಿ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದುಕೊಡಿ ಅಂದೆ. ಒಂದು ಪುಟ ಬರೆದರು, ಬರೆದು ಸೀಲ್ ಬೇರೆ ಒತ್ತಿದರು (ರಿಟೈರ್ ಆದ ಮೇಲೂ ಸೀಲ್ ಯಾಕಿತ್ತು ಅಂತ ನಾನು ಕೇಳಲಿಲ್ಲ). ನಾಲ್ಕು ವರ್ಷದಲ್ಲಿ ಒಮ್ಮೆಯೂ ಐದನೇ ತಾರೀಖು ದಾಟಿಸಿಲ್ಲ, ಒಳ್ಳೆ ಮನೆತನದ ಹುಡುಗ, ಯಾವ ದುರಭ್ಯಾಸವೂ ಇಲ್ಲ. ಆಮೇಲೆ ಸುಣ್ಣ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡದ್ದು ಬೇರೆ ಮಾತು, ಅದನ್ನು ಪತ್ರದಲ್ಲಿ ಬರೆದಿರಲಿಲ್ಲ.

ನೀವೂ ಅಲ್ಲಿಂದ ಹೊರಡುವ ಮುಂಚೆ ಅಂಥ ಒಂದು ಪತ್ರ ಬರೆಸಿಕೊಳ್ಳಿ. ಅದಕ್ಕೆ ಕಾನೂನಿನ ಬೆಲೆ ಏನೂ ಇಲ್ಲ. ಆದರೆ ಸ್ಟುಟ್‌ಗಾರ್ಟ್‌ನ ಬಾಡ್ ಕಾನ್‌ಷ್ಟಾಟ್ ಬಡಾವಣೆಯಲ್ಲಿ ನಾನು ಮನೆ ನೋಡಲು ಹೋದ ಆ ಶನಿವಾರ ಕೆಲಸಕ್ಕೆ ಬಂದದ್ದು ಅದೇ.

ಹನ್ನೊಂದು ಗಂಟೆಗೆ ಮನೆ ತೋರಿಸುತ್ತೇವೆ ಅಂದಿದ್ದರು. ಹತ್ತು ಮುಕ್ಕಾಲಿಗೆ ಹೋದರೆ ಮೂರನೇ ಮಹಡಿಯಿಂದ ಕೆಳಗಿನ ಬಾಗಿಲವರೆಗೆ ಮೆಟ್ಟಿಲ ಮೇಲೆ ಜನ, ಎಲ್ಲರ ಕೈಯಲ್ಲೂ ಫೈಲು. ಅಷ್ಟು ಹೊತ್ತಿಗೆ ನಾನು ಅರವತ್ತಕ್ಕೂ ಹೆಚ್ಚು ಮೇಲ್ ಹಾಕಿ, ಏಳಕ್ಕೆ ಉತ್ತರ ಪಡೆದು, ನಾಲ್ಕು ಮನೆ ನೋಡಿದ್ದೆ. ಮನೆಯಾಕೆಗೆ ಎಪ್ಪತ್ತರ ಮೇಲೆ ವಯಸ್ಸು. ನನ್ನ ಸರದಿ ಬಂದಾಗ ಮೊದಲ ಪ್ರಶ್ನೆ: "ತುಂಬಾ ಅಡುಗೆ ಮಾಡ್ತೀರಾ?" ಎದೆ ಧಸಕ್ಕೆಂದಿತು. ಬೆಂಗಳೂರಿನಲ್ಲಿ "ವೆಜ್ಜಾ, ನಾನ್‌ವೆಜ್ಜಾ" ಅಂತ ಕೇಳಿಸಿಕೊಂಡ ಕಿವಿ ಇದು. ಇಲ್ಲೂ ಒಗ್ಗರಣೆ ವಾಸನೆಗೆ ಮೂಗು ಮುರಿಯುತ್ತಿದ್ದಾರೆ ಅಂದುಕೊಂಡೆ. ಸುಳ್ಳು ಹೇಳಲು ನನ್ನ ಜರ್ಮನ್ ಸಾಲದು, ಹಾಗಾಗಿ ದಿನಾ ಮಾಡ್ತೀನಿ ಅಂದೆ. ಆಕೆ ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಹಿಡಿ ತಿರುಗಿಸಿ ಎರಡೂ ಬಾಗಿಲು ಪೂರ್ತಿ ತೆಗೆದು, ಗಡಿಯಾರ ತೋರಿಸಿ, "ಹತ್ತು ನಿಮಿಷ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಿಮ ಬೀಳ್ತಿದ್ದರೂ ಸರಿ" ಅಂದರು. ಆಕೆಯ ತಲೆನೋವು ವಾಸನೆ ಅಲ್ಲ, ಹಬೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇಲ್ಲಿನ ಮನೆಯವರು ಬಾಡಿಗೆ ತಪ್ಪಿದರೂ ಸಹಿಸಿಯಾರು, ಬೂಷ್ಟು ಸಹಿಸಲಾರರು. ಆಕೆಯ ಎದುರೇ ಕಿಟಕಿ ಒಂದು ಸಲ ನಾನೂ ತೆಗೆದು ಮುಚ್ಚಿ ತೋರಿಸಿದೆ. ಆಮೇಲೆ ಫೈಲಿನಲ್ಲಿ ಅಂಕಲ್ ಪತ್ರ ನೋಡಿ, 'ದುರಭ್ಯಾಸ ಇಲ್ಲ' ಎಂಬಲ್ಲಿ ಬೆರಳಿಟ್ಟು ನಕ್ಕರು. ಮಂಗಳವಾರ ಫೋನ್ ಬಂತು.

ಎಲ್ಲರೂ ಹಾಗಲ್ಲ ಅಂತಲೂ ಹೇಳಬೇಕು. ಹೆಸರು ನೋಡಿಯೇ ಮೇಲ್ ಪಕ್ಕಕ್ಕಿಡುವವರಿದ್ದಾರೆ. ಭೇದಭಾವದ ವಿರುದ್ಧ 2006ರಿಂದ ಕಾನೂನಿದೆ, ಬಾರದ ಉತ್ತರವನ್ನು ಸಾಕ್ಷಿ ಮಾಡಿಕೊಂಡು ಹೋರಾಡುವುದು ಹೇಗೆ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಆಫ್ರಿಕಾದ ವಿದ್ಯಾರ್ಥಿಗಳ ಪಾಡು ನನಗೆ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ.

ಇನ್ನು ಅಲ್ಲಿಂದಲೇ ಗೊತ್ತು ಮಾಡುತ್ತೇನೆ ಎಂದು ಹಟ ಹಿಡಿದವರಿಗೆ ಏನಾಗುತ್ತದೆ ಅಂದರೆ, ಊರ ನಡುವೆ ಮರದ ನೆಲದ, ಬಾಲ್ಕನಿ ಇರುವ, ಅರ್ಧ ರೇಟಿನ ಮನೆ ಸಿಗುತ್ತದೆ. ಓನರ್ ತಾನು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದೇನೆ ಅನ್ನುತ್ತಾನೆ. ಪಾಸ್‌ಪೋರ್ಟಿನ ಫೋಟೋ ಕಳಿಸುತ್ತಾನೆ, ಅದೂ ಕದ್ದದ್ದೇ. ಎರಡು ತಿಂಗಳ ದುಡ್ಡು ಹಾಕಿ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ ಅನ್ನುತ್ತಾನೆ. ಹೀಗೆ 2,400 ಯೂರೋ ಕಳೆದುಕೊಂಡ ದಂಪತಿಯನ್ನು ವಿಮಾನ ನಿಲ್ದಾಣದಿಂದ ನಾನೇ ಆ ವಿಳಾಸಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ಒಳಗೆ ಕಾಲಿಡದ ಮನೆಗೆ ಒಂದು ಪೈಸೆ ಕಳಿಸಬೇಡಿ.

ತಾತ್ಕಾಲಿಕ ಮನೆ ಗೊತ್ತು ಮಾಡುವಾಗ ಕೇಳಬೇಕಾದದ್ದು ಒಂದೇ: ಈ ವಿಳಾಸದಲ್ಲಿ 'ಆನ್‌ಮೆಲ್ಡುಂಗ್' ಮಾಡಿಸಬಹುದಾ? ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ಫಾರಂ ಬೇಕು. ಅದಾದ ಮೇಲೇ ತೆರಿಗೆ ನಂಬರು ಬರುವುದು. ಬ್ಯಾಂಕು, ವೀಸಾ ಕೆಲಸ, ಎಲ್ಲಕ್ಕೂ ಆ ನೋಂದಣಿ ಚೀಟಿ ಕೇಳುತ್ತಾರೆ. ಬಾಡಿಗೆ ಕಡಿಮೆ, ಆದರೆ ನೋಂದಣಿ ಬೇಡ ಅನ್ನುವ ಮನೆ ಪುಕ್ಕಟೆ ಕೊಟ್ಟರೂ ಬೇಡ.

ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ, ಅಂಚೆಯವರು ಹೆಸರು ನೋಡಿ ಹಾಕುತ್ತಾರೆ. ಇಲ್ಲಿನ ಅಪಾರ್ಟ್‌ಮೆಂಟಿನ ವಿಳಾಸದಲ್ಲಿ ಮನೆ ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಕಟ್ಟಡದ ನಂಬರು ಅಷ್ಟೇ, ಉಳಿದದ್ದು ಡಬ್ಬಿಯ ಮೇಲಿನ ಹೆಸರು. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್. ನಮ್ಮ ಕಡೆ ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಮುದುರಿಕೊಂಡಿರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ನಮ್ಮಪ್ಪ ಸರ್‌ನೇಮ್ ಜಾಗದಲ್ಲಿ ಊರನ್ನು ಬಿಡಿಸಿ ಬರೆದಿದ್ದರು. ಹಾಗಾಗಿ ಎಂಟು ವರ್ಷದಿಂದ ನಾನು ಇಲ್ಲಿ 'ಹೆರ್ ತುರುವೇಕೆರೆ', ಅಂದರೆ ಮಿಸ್ಟರ್ ತುರುವೇಕೆರೆ. ಡಬ್ಬಿಯ ಪಟ್ಟಿಯಲ್ಲಿ ಅಷ್ಟು ಉದ್ದ ಹಿಡಿಸದೆ ಕೊನೆಯ 'ರೆ' ಪಕ್ಕದ ಸ್ಕ್ರೂ ಕೆಳಗೆ ಸೇರಿಕೊಂಡಿದೆ. ಊರಿನವರಿಗೆ ಫೋಟೋ ಕಳಿಸಿದ್ದೆ, ಪಟ್ಟಣ ಪಂಚಾಯ್ತಿ ಶಾಖೆ ತೆಗೆದಿದ್ದೀಯಾ ಅಂತ ಕೇಳಿದರು.

ಜಾಹೀರಾತು ಓದುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 'ಕಾಲ್ಟ್' ಅಂದರೆ ಬರೀ ಬಾಡಿಗೆ. 'ವಾರ್ಮ್' ಅಂದರೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗೂ ಸೇರಿ. ಕರೆಂಟು, ಇಂಟರ್‌ನೆಟ್ಟು ಸಾಧಾರಣವಾಗಿ ಅದರಾಚೆ. ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ, ಹೀಟರ್ ಜಾಸ್ತಿ ಉರಿಸಿದ್ದರೆ ಅಂದು ಬೆವರುವುದು ನೀವು. 'ಎರಡು ಕೋಣೆ' ಅಂದರೆ ನಮ್ಮ ಒನ್ ಬಿಎಚ್‌ಕೆ, ಹಾಲನ್ನೂ ಕೋಣೆ ಅಂತಲೇ ಎಣಿಸುತ್ತಾರೆ. ಬ್ರೋಕರಿಗೆ ನೀವು ದುಡ್ಡು ಕೊಡಬೇಕಿಲ್ಲ, 2015ರಿಂದ ಕರೆಸಿದವರೇ ಕೊಡಬೇಕು, ಕರೆಸುವುದು ಹೆಚ್ಚಾಗಿ ಮನೆಯವರೇ. ಊರೊಳಗೆ ಸಿಗದಿದ್ದರೆ ಲೋಕಲ್ ರೈಲು ಹೋಗುವ ಬೋಬ್ಲಿಂಗೆನ್, ಲುಡ್‌ವಿಗ್ಸ್‌ಬುರ್ಗ್, ಎಸ್ಲಿಂಗೆನ್ ಕಡೆ ನೋಡಿ. ಎಲ್ಲಕ್ಕಿಂತ ಒಳ್ಳೆಯದು, ಮನೆ ಬಿಡುತ್ತಿರುವ ಸಹೋದ್ಯೋಗಿಯನ್ನು ಹಿಡಿಯುವುದು. ಅವರು ನಿಮ್ಮನ್ನು ಮನೆಯವರಿಗೆ ಪರಿಚಯಿಸಿದರೆ ಅರ್ಧ ಕೆಲಸ ಆದಂತೆ.

ಒಂದನ್ನು ಮಾತ್ರ ನಿಧಾನವಾಗಿ ಓದಿ: ಅಡುಗೆಮನೆ ಇದೆಯಾ ಇಲ್ಲವಾ. ಅಡುಗೆಮನೆ ಅಂದರೆ ಆ ಕೋಣೆ ಅಲ್ಲ, ಅದರೊಳಗಿನದು. ಎಷ್ಟೋ ಮನೆಗಳಲ್ಲಿ ಹಿಂದಿನವರು ಒಲೆ, ಸಿಂಕು, ಕಟ್ಟೆ, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ಕೀಲಿ ಸಿಕ್ಕ ದಿನ ನಾನು ಸಂಜೆ ಆರಕ್ಕೆ ಒಳಗೆ ಹೋದರೆ, ಗೋಡೆಯಿಂದ ಎರಡು ನಲ್ಲಿ ಪೈಪು ಮೂತಿ ಚಾಚಿಕೊಂಡಿದ್ದವು, ಅಷ್ಟೇ ಅಡುಗೆಮನೆ. ಸ್ವಿಚ್ ಒತ್ತಿದೆ, ಬೆಳಕಿಲ್ಲ. ಮೇಲೆ ನೋಡಿದರೆ ಬಲ್ಬಷ್ಟೇ ಅಲ್ಲ, ಹೋಲ್ಡರೂ ಇಲ್ಲ, ಮೂರು ವೈರು ನೇತಾಡುತ್ತಿದ್ದವು. ನವೆಂಬರ್ ತಿಂಗಳು, ಐದಕ್ಕೇ ಕತ್ತಲು. ಮೊಬೈಲ್ ಟಾರ್ಚು ಗೋಡೆಗೆ ಒರಗಿಸಿ, ಅಮ್ಮ ಕಟ್ಟಿಕೊಟ್ಟಿದ್ದ ಗೊಜ್ಜವಲಕ್ಕಿ ಪುಡಿಗೆ ಬಚ್ಚಲುಮನೆಯ ನಲ್ಲಿ ನೀರು ಕಲಸಿ ತಿಂದೆ. ಆ ಅವಲಕ್ಕಿಯ ರುಚಿ ಆಮೇಲೆ ಯಾವತ್ತೂ ಸಿಕ್ಕಿಲ್ಲ. ಹಿಂದಿನವರು ಅಡುಗೆಮನೆ ಮಾರಿಹೋಗಲು ಸಿದ್ಧರಿದ್ದರೆ ಚೌಕಾಸಿ ಮಾಡಿ ಕೊಂಡುಬಿಡಿ.

ಸ್ಟುಟ್‌ಗಾರ್ಟ್ ಕಡೆಯ ವಿಶೇಷ ಒಂದು ಉಳಿಯಿತು, 'ಕೇರ್‌ವೋಖೆ', ಗುಡಿಸುವ ವಾರ. ಸರದಿ ಬಂದಾಗ ನಿಮ್ಮ ಬಾಗಿಲಿಗೆ ಒಂದು ಸಣ್ಣ ಬೋರ್ಡು ನೇತುಬೀಳುತ್ತದೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಿಮ್ಮ ಕೆಲಸ. ಎಷ್ಟೋ ಕಟ್ಟಡಗಳಲ್ಲಿ ಅಂಗಳ, ಮುಂದಿನ ಫುಟ್‌ಪಾತೂ ನಿಮ್ಮದೇ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಊರಿನಿಂದ ಬಂದವರಿಗೆ ಇದೇನು ಕಷ್ಟವಲ್ಲ. ಆದರೆ ಊರಲ್ಲಿ ಆ ಕೆಲಸ ನಾನು ಒಂದು ದಿನವೂ ಮಾಡಿರಲಿಲ್ಲ, ಅಮ್ಮ ಮಾಡುತ್ತಿದ್ದಳು. ಕೆಳಗಿನ ಮನೆಯ ಅಜ್ಜಿ ಮೊದಲ ವಾರ ನಾನು ಒರೆಸಿದ ಮೆಟ್ಟಿಲ ಮೂಲೆಗೆ ಬೆರಳಾಡಿಸಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಎರಡನೇ ಸರದಿಗೆ "ಗುಟ್" ಅಂದರು.

ಹಾಗಾಗಿ ತಮ್ಮಂದಿರಾ, ತಂಗಿಯರಾ, ಮೊದಲು ಎರಡು ತಿಂಗಳಿಗೆ ಒಂದು ಸೂರು ನೋಡಿಕೊಂಡು ಬನ್ನಿ, ಓನರ್ ಪತ್ರ ತನ್ನಿ. ಬಂದ ಮೇಲೆ ಮನೆ ನೋಡೋಕೆ ಜೊತೆಗೆ ಯಾರಾದರೂ ಬೇಕು ಅನ್ನಿಸಿದರೆ ಮೆಸೇಜ್ ಹಾಕಿ, ಶನಿವಾರವಾದರೆ ನಾನೇ ಬರುತ್ತೇನೆ. ಈ ಶನಿವಾರ ಮಾತ್ರ ಬೇಡ. ಬಾಗಿಲಿಗೆ ಬೋರ್ಡು ಬಿದ್ದಿದೆ.