ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣಲು ಏನು ಮಾಡಬೇಕು?

ಮದುವೆ ಫೋಟೋ ತೆಗೆಯುವುದು ನನ್ನ ವೃತ್ತಿ. ಮದುಮಗಳಾಗಲಿರುವವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂದ್ರೆ ನಾನೇನು ಮಾಡ್ಬೇಕು?" ಅದರ ಬೆನ್ನಿಗೇ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಬರುತ್ತದೆ: "ನನ್ನ ಮುಖ ಫೋಟೋಗೆ ಸರಿಹೋಗಲ್ಲ." ನಾನು ಹೇಳುವುದಿಷ್ಟು: ಒಳ್ಳೆಯ ಬೆಳಕಿರುವ ಒಂದು ಜಾಗ ಮತ್ತು ಯಾರೂ ಅವಸರ ಮಾಡದ ಅರ್ಧ ಗಂಟೆ, ಇವೆರಡನ್ನು ಮೊದಲೇ ಕಾದಿರಿಸಿಕೊಳ್ಳಿ.

ಮುಖದ ಬಗೆಗಿನ ಆ ಅಳುಕನ್ನು ಮೊದಲು ಕಳೆಯಬೇಕು. ನಾವು ದಿನವೂ ಕನ್ನಡಿಯಲ್ಲಿ ನೋಡುವುದು ಎಡಬಲ ಅದಲುಬದಲಾದ ಮುಖವನ್ನು. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಮಹಿಳೆಯರ ಫೋಟೋಗಳನ್ನು ನೇರವಾಗಿಯೂ ತಿರುಗಿಸಿಯೂ ಮುದ್ರಿಸಿ ತೋರಿಸಿದಾಗ, ಆ ಮಹಿಳೆಯರು ಹೆಚ್ಚಾಗಿ ಮೆಚ್ಚಿದ್ದು ಕನ್ನಡಿಯ ರೂಪವನ್ನು, ಅವರ ಆಪ್ತರು ಮೆಚ್ಚಿದ್ದು ನೇರ ರೂಪವನ್ನು. ಫೋಟೋದಲ್ಲಿ ನಿಮಗೆ ಏನೋ ಸರಿಯಿಲ್ಲ ಅನ್ನಿಸುವ ಮುಖವೇ ನಿಮ್ಮನ್ನು ಪ್ರೀತಿಸುವವರು ದಿನವೂ ನೋಡುವ ಮುಖ. ಇನ್ನು ಸೆಲ್ಫಿಯಂತೂ ನಂಬಬೇಡಿ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಾವು ದೂರದಿಂದಲೇ ಮುಖವನ್ನು ದೊಡ್ಡದಾಗಿ ಹಿಡಿಯುವ 85 ಮಿ.ಮೀ. ಲೆನ್ಸ್ ಹಾಕಿಕೊಂಡು ನಾಲ್ಕು ಹೆಜ್ಜೆ ಹಿಂದೆ ನಿಲ್ಲುವುದು ಇದಕ್ಕೇ.

ಈಗ ಬೆಳಕಿನ ವಿಷಯ. ಅಲಂಕಾರಕ್ಕೆ ಕೋಣೆ ಆರಿಸುವಾಗ ದೊಡ್ಡ ಕಿಟಕಿ ಇದೆಯೇ ಎಂದು ನೋಡಿ, ಕುರ್ಚಿಯನ್ನು ಅದಕ್ಕೆ ಮುಖಮಾಡಿ ಹಾಕಿಸಿ. ನೇರ ಬಿಸಿಲು ಬೇಡ. ಬಿದ್ದರೆ ತೆಳುವಾದ ಬಿಳಿ ಪರದೆ ಎಳೆಯಿರಿ. ಚಾವಣಿಯ ಹಳದಿ ದೀಪಗಳನ್ನು ಆರಿಸಿಬಿಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ: ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು 3000ದ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಎಷ್ಟು ದುಬಾರಿ ಮೇಕಪ್ ಮಾಡಿಸಿದರೂ ಅದು ಮುಚ್ಚುವುದಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದೂ ಕಷ್ಟ. ಮೇಲಿನಿಂದ ಮಾತ್ರ ಬೀಳುವ ಬೆಳಕು ಕಣ್ಣಿನ ಕೆಳಗೆ ಕಪ್ಪು ನೆರಳು ಕೂರಿಸುತ್ತದೆ. ಹೊರಗೆ ನಡುಮಧ್ಯಾಹ್ನದ ಬಿಸಿಲಿನ ತೊಂದರೆಯೂ ಅದೇ. ಆಗ ನೆರಳಿನ ಅಂಚಿಗೆ ಬಂದು, ತೆರೆದ ಆಕಾಶದ ಕಡೆ ಮುಖಮಾಡಿ ನಿಂತರೆ ಕಣ್ಣಿನಲ್ಲಿ ಹೊಳಪು ತಾನಾಗಿ ಬರುತ್ತದೆ.

ಫ್ಲ್ಯಾಷ್ ಬಳಸುವ ಕಡೆ ಒಂದು ಎಚ್ಚರಿಕೆ ಬೇಕು. ಸಿಲಿಕಾ ಇರುವ ಬಿಳಿ ಪೌಡರ್, ಟೈಟಾನಿಯಂ ಡೈಆಕ್ಸೈಡ್ ಅಥವಾ ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಇವು ಫ್ಲ್ಯಾಷ್ ಬೆಳಕನ್ನು ಹಿಂದಕ್ಕೆ ಚೆಲ್ಲಿ ಮುಖವನ್ನು ಬೆಳ್ಳಗೆ ಮಾಡಬಲ್ಲವು. ಕನ್ನಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರಯಲ್ ಮೇಕಪ್ ದಿನ ಕತ್ತಲ ಕೋಣೆಯಲ್ಲಿ ಫ್ಲ್ಯಾಷ್ ಹಾಕಿ ಒಂದು ಫೋಟೋ ತೆಗೆಸಿ, ಮುಖ ಮತ್ತು ಕುತ್ತಿಗೆಯ ಬಣ್ಣ ಹೋಲಿಸಿ ನೋಡಿ. ಮದುವೆಗೆ ಮುಂಚಿನ ಎರಡು ವಾರ ಹೊಸ ಕ್ರೀಮು, ಹೊಸ ಫೇಶಿಯಲ್ ಯಾವುದನ್ನೂ ಮುಟ್ಟಬೇಡಿ.

ನಿಲ್ಲುವ ಭಂಗಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಭುಜ ಸಡಿಲ, ತೋಳು ಮೈಗೆ ಅಂಟದಂತೆ ಸ್ವಲ್ಪ ದೂರ, ಗದ್ದ ತುಸು ಮುಂದಕ್ಕೆ ಚಾಚಿ ಕೊಂಚ ಕೆಳಗೆ. ಮಾಡುವಾಗ ವಿಚಿತ್ರ ಅನ್ನಿಸುತ್ತದೆ, ಫೋಟೋದಲ್ಲಿ ದವಡೆಯ ಗೆರೆ ಸ್ಪಷ್ಟವಾಗಿ ಬರುತ್ತದೆ.

ನಗುವಿಗೆ ಮಾತ್ರ ಯಾವ ಅಭ್ಯಾಸವೂ ಸಾಲದು. ಮನಸಾರೆ ನಕ್ಕಾಗ ತುಟಿಯ ಜೊತೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ ಎಂದು ಫ್ರೆಂಚ್ ವೈದ್ಯ ಡುಷೆನ್ 1862ರಲ್ಲೇ ಬರೆದಿದ್ದರು. ಬೇಕೆಂದಾಗ ಅದನ್ನು ಬಿಗಿಸುವುದು ಹೆಚ್ಚಿನವರಿಗೆ ಕಷ್ಟ. ಹಾಗಾಗಿ ನಿಮ್ಮನ್ನು ನಗಿಸಬಲ್ಲ ಗೆಳತಿಯನ್ನೋ ತಂಗಿಯನ್ನೋ ನನ್ನ ಬೆನ್ನ ಹಿಂದೆ ನಿಲ್ಲಿಸಿ. ನಗು ಸೋತಿದೆ ಅನ್ನಿಸಿದರೆ ಕಣ್ಣು ಮುಚ್ಚಿ, ಉಸಿರು ಪೂರ್ತಿ ಬಿಟ್ಟು, ಮತ್ತೆ ತೆರೆಯಿರಿ. ನಾನು ಕಾಯುತ್ತೇನೆ.

ಕಾಯಲು ಸಮಯ ಇರಬೇಕಷ್ಟೇ. ಸಾಮಾನ್ಯವಾಗಿ ಮೇಕಪ್ ತಡವಾಗುತ್ತದೆ, ಆ ತಡ ನಿಮ್ಮೊಬ್ಬರ ಫೋಟೋಗಳ ಸಮಯವನ್ನೇ ನುಂಗುತ್ತದೆ. ಆದ್ದರಿಂದ ಮೇಕಪ್ ಮಾಡುವವರಿಗೆ ನಿಜವಾಗಿ ಬೇಕಾದದ್ದಕ್ಕಿಂತ ಒಂದು ಗಂಟೆ ಮುಂಚಿನ ಸಮಯ ಹೇಳಿ. ಬಂಧುಗಳ ಗುಂಪು ಫೋಟೋಗೆ ಯಾರ್‍ಯಾರನ್ನು ಕರೆಯಬೇಕು ಎಂಬ ಪಟ್ಟಿಯನ್ನು, ಎಲ್ಲರನ್ನೂ ಬಲ್ಲ, ದನಿ ಜೋರಿರುವ ಒಬ್ಬರ ಕೈಗೆ ಕೊಟ್ಟುಬಿಡಿ.