ಕರಾಟೆಯ ಮವಾತೆ (ಹಿಂದಕ್ಕೆ ತಿರುಗೋದು) ಸೆಟ್ ಆಯ್ತು: 135 ಡಿಗ್ರಿ ತಿರುಗಿ 45 ಉಳಿಸ್ಕೊಳ್ಳೋ ಲೆಕ್ಕ

ಇಷ್ಟು ದಿನ ತಲೆ ತಿಂದಿದ್ದ ಸಮಸ್ಯೆ ನಿನ್ನೆ ಸಾಯಂಕಾಲ ಬಗೆಹರೀತು, ಮರೆಯೋ ಮುಂಚೆ ಬರೆದಿಡ್ತಿದೀನಿ. ಮುಷ್ಟಿ, ಹಿಕಿತೆ (ಇನ್ನೊಂದು ಮುಷ್ಟೀನ ಸೊಂಟಕ್ಕೆ ಎಳ್ಕೊಳ್ಳೋದು), ಜೆನ್‌ಕುತ್ಸು ದಾಚಿ (ಮುಂದಿನ ಮಂಡಿ ಬಗ್ಗಿಸಿ ನಿಲ್ಲೋ ಉದ್ದ ಸ್ಟಾನ್ಸ್) ಎಲ್ಲಾ ನಿಮಗೆ ಗೊತ್ತಿರೋದೇ, ಆ ಕಥೆ ಬೇಡ. ಶೋಟೋಕಾನ್ ಶೈಲಿ ಕರಾಟೆ, ವೈಟ್ ಬೆಲ್ಟ್, ತುಮಕೂರು, ಇಷ್ಟು ಸಾಕು.

ಸಮಸ್ಯೆ ಏನಪ್ಪಾ ಅಂದ್ರೆ, ನೇರ ಮುಂದಕ್ಕೆ ಹೋಗ್ತಾ ಗೆಡಾನ್ ಬರಾಯ್ (ಕೆಳಗೆ ಬರೋ ಏಟನ್ನ ತೋಳಲ್ಲಿ ತಳ್ಳೋ ಬ್ಲಾಕ್), ಗ್ಯಾಕು ಜುಕಿ (ಹಿಂದಿನ ಕಾಲಿನ ಕಡೆ ಕೈಯ ಪಂಚ್) ಹೊಡೆದ್ರೆ ಪಂಚ್ ಸೊಂಟದಿಂದ ಬರುತ್ತೆ, ಡ್ರೆಸ್ಸಿನ ತೋಳು ಪಟ್ ಅಂತ ಸದ್ದೂ ಮಾಡುತ್ತೆ. ಆದ್ರೆ ಮಾಸ್ಟ್ರು "ಮವಾತೆ" ಅಂದಾಗ ತಿರುಗಿ ಅದೇ ಕಾಂಬಿನೇಷನ್ ಹೊಡೆದ್ರೆ ಬರೀ ಕೈ ಹೋಗುತ್ತೆ. ಬ್ಲಾಕ್ ಸರಿ, ಕಾಲು ಸರಿ ಅನ್ಸುತ್ತೆ, ಪಂಚಲ್ಲಿ ಮಾತ್ರ ಜೀವ ಇಲ್ಲ. ಕೈ ಸ್ಪೀಡ್ ಜಾಸ್ತಿ ಮಾಡಿದೆ, ಇನ್ನೂ ಕೆಳಗೆ ಕೂತೆ, ಜೋರಾಗಿ ಉಸಿರು ಬಿಟ್ಟು ನೋಡಿದೆ, ಊಹೂಂ.

ಕೊನೆಗೆ ಮನೆ ಹಾಲಿನ ರೆಡ್ ಆಕ್ಸೈಡ್ ನೆಲದ ಮೇಲೆ ಚಾಕ್‌ಪೀಸಲ್ಲಿ ಎರಡೂ ಪಾದ ಬರ್ಕೊಂಡೆ. ಎಡಗಾಲು ಮುಂದೆ ಇದೆ ಅಂತ ಇಟ್ಕೊಳ್ಳಿ, ಮುಖ ಉತ್ತರಕ್ಕೆ. ತಿರುಗೋಕೆ ಹಿಂದಿನ ಬಲಗಾಲು ಎಡಕ್ಕೆ ಸರೀಬೇಕು. ಎಷ್ಟು? ಎಡಗಾಲಿನ ನೇರಕ್ಕೆ ಬಂದ್ರೆ ಸಾಲದು, ಅದನ್ನ ದಾಟಿ ಇನ್ನೊಂದು ಭುಜದಗಲ ಆಚೆ ಹೋಗ್ಬೇಕು. ಅಂದ್ರೆ ಒಟ್ಟು ಎರಡು ಅಗಲ. ಒಂದೇ ಅಗಲ ಸರಿಸಿದ್ರೆ ತಿರುಗಿದ ಮೇಲೆ ಎರಡು ಪಾದಾನೂ ಒಂದೇ ಗೆರೆ ಮೇಲೆ ನಿಲ್ಲುತ್ತೆ, ಹಗ್ಗದ ಮೇಲೆ ನಡೆಯೋ ದೊಂಬರಾಟ. ಆ ಸ್ಟಾನ್ಸಲ್ಲಿ ಸೊಂಟ ತಳ್ಳಿದ್ರೆ ಬ್ಯಾಲೆನ್ಸ್ ಹೋಗುತ್ತೆ, ಹಾಗಾಗಿ ದೇಹ ತಾನಾಗೇ ಸೊಂಟಾನ ಹಿಡ್ಕೊಂಡ್ಬಿಡುತ್ತೆ.

ಇದು ಅರ್ಧ ಉತ್ತರ. ಇನ್ನರ್ಧ ಕ್ಲಾಸಲ್ಲಿ ಸಿಕ್ತು. ಮಾಸ್ಟ್ರು ಬೆನ್ನ ಹಿಂದೆ ನಿಂತು ನನ್ನ ಬೆಲ್ಟಿನ ಎರಡೂ ಕಡೆ ಹಿಡ್ಕೊಂಡು "ಈಗ ತಿರುಗಿ" ಅಂದ್ರು, ತಿರುಗಿದ್ರೆ ಅರ್ಧ ದಾರೀಲೇ ಗಟ್ಟಿಯಾಗಿ ತಡೆದ್ರು. "ಇಲ್ಲಿ ಬ್ಲಾಕ್ ಮುಗೀಬೇಕು, ಉಳಿದಿದ್ದು ಪಂಚಿಗೆ." ಅಷ್ಟೇ ಹೇಳಿದ್ದು. ಮನೆಗೆ ಬಂದು ಚಾಕ್‌ಪೀಸ್ ಗೆರೆ ಮೇಲೆ ಲೆಕ್ಕ ಹಾಕ್ದೆ: ಉತ್ತರದಿಂದ ಪೂರ್ವದ ಮೇಲೆ ದಕ್ಷಿಣಕ್ಕೆ ತಿರುಗೋದು 180 ಡಿಗ್ರಿ. ಗೆಡಾನ್ ಬರಾಯ್ ಹನ್ಮಿಲಿ (ದೇಹ ಅರ್ಧ ಪಕ್ಕಕ್ಕೆ ತಿರುಗಿಸಿ), ಅಂದ್ರೆ ಸೊಂಟ ಆಗ್ನೇಯಕ್ಕೆ ನೋಡ್ತಿರ್ಬೇಕು, ಅಲ್ಲಿಗೆ 135. ಉಳಿದ 45 ಎಡಗೈ ಗ್ಯಾಕು ಜುಕಿಗೆ, ಅದೂ ಅದೇ ದಿಕ್ಕಲ್ಲಿ! ತಿರುಗೋ ಜೋರಲ್ಲಿ 180 ಪೂರ್ತಿ ಖರ್ಚು ಮಾಡಿ ಎದೆ ನೇರ ಮಾಡ್ಕೊಂಡ್ರೆ ಪಂಚಿಗೆ ಸೊಂಟ ಎಲ್ಲಿ ಉಳಿಯುತ್ತೆ ಹೇಳಿ. ನಿನ್ನೆ 135ಕ್ಕೆ ಬ್ರೇಕ್ ಹಾಕಿ ಹೊಡೆದೆ, ಸದ್ದೇ ಬದಲಾಯ್ತು. ಅಡುಗೆಮನೆಯಿಂದ ಅಮ್ಮ "ಏನೋ ಅದು ಬಿದ್ದಿದ್ದು?" ಅಂದ್ರು, ಅಷ್ಟು ಖುಷಿ ಆಯ್ತು.

ಆದ್ರೆ ಕತಾದಲ್ಲಿ (ಬ್ಲಾಕ್, ಪಂಚ್‌ಗಳನ್ನ ಗೊತ್ತಾದ ಕ್ರಮದಲ್ಲಿ ಮಾಡೋ ಸರಣಿ) ಲೆಕ್ಕ ಬೇರೆ, ಹುಷಾರು. ಶುರುವಿನ ಕತಾ ಹೇಯಾನ್ ಶೋದಾನಿನ 21 ಮೂವ್‌ಮೆಂಟಲ್ಲಿ ಮೂರನೇದು 180 ತಿರುಗೋದೇ, ಆದ್ರೆ ಅಲ್ಲಿ ಚಲಿಸೋದು ಮುಂದಿನ ಕಾಲು. ಒಂಬತ್ತನೇ ಮೂವ್‌ಮೆಂಟ್ ಆಗೆ ಉಕೆಲಿ (ತಲೆ ಕಡೆ ಬರೋ ಏಟಿಗೆ ತೋಳು ಮೇಲೆತ್ತೋ ಬ್ಲಾಕ್) ಕಿಯಾಯ್ (ಜೋರು ಕೂಗು) ಆದ್ಮೇಲೆ ಬರೋ 270 ಇನ್ನೂ ಹಠಮಾರಿ, ಎಡಗಾಲು ಬಲಗಾಲಿನ ಹಿಂದೆಯಿಂದ ಸುತ್ತಿ ಬಂದು ಭುಜದಗಲ ಬಿಟ್ಟು ಕೂರ್ಬೇಕು. ನಂದು ಒಂದು ಗೇಣು ಕಮ್ಮಿ ಬೀಳ್ತಿತ್ತು. ಪಕ್ಕದಲ್ಲಿ ಪ್ರಾಕ್ಟೀಸ್ ಮಾಡೋ ಬ್ರೌನ್ ಬೆಲ್ಟ್ ಹುಡುಗಿ, ಹೈಸ್ಕೂಲ್ ಇರ್ಬೇಕು, "ಅಂಕಲ್, ತಲೆ ಮೊದ್ಲು ತಿರುಗ್ಸಿ, ಕಾಲು ತಾನಾಗೇ ಜಾಗ ಹುಡ್ಕುತ್ತೆ" ಅಂದ್ಲು. ನಿಜವಾಗ್ಲೂ ಅರ್ಧ ಗೇಣು ಸುಧಾರಿಸ್ತು. ಕರಾಟೆ ಗುರು ಇತೊಸು ಆಂಕೋ ಜಪಾನಿನ ಒಕಿನಾವಾದ ಶಾಲೆ ಮಕ್ಕಳಿಗೆ ಅಂತ ಕಟ್ಟಿದ ಪಿನಾನ್ ಕತಾ‌ಗಳೇ ಶೋಟೋಕಾನ್ ಶುರು ಮಾಡಿದ ಫುನಾಕೋಶಿ ಕೈಯಲ್ಲಿ ಹೇಯಾನ್ ಆಗಿದ್ದು, ಶುರುವಿನ ಕತಾಲೇ ಇಷ್ಟೊಂದು ತಿರುವು ಇಟ್ಟಿರೋದು ಎಷ್ಟು ದೊಡ್ಡ ಯೋಚನೆ ಅಂತ ಈಗ ಅರ್ಥ ಆಗ್ತಿದೆ.

ನೆಲದ ಬಗ್ಗೆ ಒಂದು ಮಾತು. ಟೆರೇಸ್ ಸಿಮೆಂಟ್ ಮೇಲೆ ತಿರುಗಿದ್ರೆ ಪಾದದ ಚರ್ಮ ಕಿತ್ತು ಬರುತ್ತೆ, ಅಮಾನಿಕೆರೆ ಪಾರ್ಕಿನ ಹುಲ್ಲಲ್ಲಿ ಪಾದ ಕಚ್ಕೊಳ್ಳುತ್ತೆ. ಪಾದ ನಿಂತು ಸೊಂಟ ಮಾತ್ರ ತಿರುಗಿದ್ರೆ ಆ ತಿರುಚು ಎಲ್ಲಾ ಮಂಡಿಗೆ ಹೋಗುತ್ತೆ. ಹಿಮ್ಮಡಿ ಮೇಲೋ ಮುಂಗಾಲ ಮೇಲೋ ಅನ್ನೋದು ನಿಮ್ಮ ಮಾಸ್ಟ್ರು ಹೇಳಿದಂಗೆ ಮಾಡಿ, ಆದ್ರೆ ಪಾದ ಮಾತ್ರ ಸೊಂಟದ ಜೊತೇಲೇ ತಿರುಗ್ಬೇಕು, ನಯವಾದ ನೆಲಾನೇ ಬೇಕು.

ಇನ್ನು ಡ್ರೆಸ್ ಕಳಿಸಿದ ಆನ್‌ಲೈನ್ ಅಂಗಡಿಯವ್ರ ಮೇಲೆ ನಂಗೆ ಕೋಪ ಇಳಿದಿಲ್ಲ. ಪೂರ್ತಿ ಕಾಟನ್, ಕುಗ್ಗಲ್ಲ ಅಂತ ಬರ್ದಿದ್ರು, ಮೊದಲ ಒಗೆತಕ್ಕೇ ಪ್ಯಾಂಟ್ ಮೀನಖಂಡಕ್ಕೆ ಬಂದು ನಿಂತಿದೆ, ಉದ್ದ ಸ್ಟಾನ್ಸ್ ಹಾಕಿದ್ರೆ ತೊಡೆ ಹತ್ರ ಎಳೆಯುತ್ತೆ. ಬದಲಿಸಿ ಕೊಡಿ ಅಂದ್ರೆ "ಒಗೆದಿರೋದು ವಾಪಸ್ ಇಲ್ಲ" ಅಂತಾರೆ. ಒಗೀದೆ ಕುಗ್ಗುತ್ತೋ ಇಲ್ವೋ ತಿಳಿಯೋದು ಹೆಂಗೆ ಸ್ವಾಮಿ?

ಹಾಂ, ಮುಂದಿನ ಪ್ರಾಜೆಕ್ಟ್ ಪಂಚ್ ಪ್ರಾಕ್ಟೀಸಿಗೆ ಮಕಿವಾರ! ಬುಡ ದಪ್ಪ, ತುದಿ ತೆಳ್ಳಗೆ ಕೆತ್ತಿಸಿದ ಹಲಗೆ, ಹೊಡೆದ್ರೆ ಸ್ವಲ್ಪ ಬಾಗಿ ವಾಪಸ್ ಬರ್ಬೇಕು. ಒಕಿನಾವಾದಲ್ಲಿ ಭತ್ತದ ಹುಲ್ಲಿನ ಹಗ್ಗ ಸುತ್ತೋರು, ನಮ್ಮ ಜಿಲ್ಲೇಲಿ ತೆಂಗಿಗೆ ಬರ ಇಲ್ವಲ್ಲ, ತಿಪಟೂರು ಕಡೆಯಿಂದ ನಾರಿನ ಹಗ್ಗ ತರಿಸೋಣ ಅಂತಿದೀನಿ, ಒರಟು ಜಾಸ್ತಿ ಇದ್ರೆ ಮೇಲೆ ಚರ್ಮದ ತುಂಡು ಹಾಕೋದು. ಸಾಮಿಲ್‌ನವ್ರು ಮಾತ್ರ "ಬಾಗಿಲ ಚೌಕಟ್ಟಿಗಾ?" ಅಂತ್ಲೇ ಕೇಳ್ತಿದಾರೆ. ಯಾವ ಮರ ಸೀಳದೆ ಬಾಗುತ್ತೆ ಅಂತ ಕೈಯಾರೆ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಅಷ್ಟರಲ್ಲಿ ಆ 270ರ ಉಳಿದ ಅರ್ಧ ಗೇಣು ಮುಗಿಸ್ತೀನಿ.